ಮಂಗನ ಕಾಯಿಲೆ: ‘ಜ್ವರ ಬಂದು ಎಷ್ಟು ದಿನವಾಯಿತು?’ ಎಂಬ ಪ್ರಶ್ನೆಯ ಹಿಂದಿನ ವಿಜ್ಞಾನ

ಅಡಿಕೆ ಕೊಯ್ಲಿನ ಗಡಿಬಿಡಿ ನಡೆದಿರುವಾಗಲೇ ಮಲೆನಾಡಿನ ಕಾಡಿನ ನೆಲದ ಮೇಲೆ ಒಣಗಿದ ದರಗು ತುಂಬತೊಡಗುತ್ತದೆ. ಆ ಹೊತ್ತಿನಿಂದ ಮುಂಗಾರಿನ ಮೊದಲ ಮಳೆಯವರೆಗೆ, ಎಂದರೆ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜ್ವರವೆಂದು ಬಂದವರಿಗೆ ಎರಡು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಹೋದ ವಾರ ಕಾಡಿಗೆ ಹೋಗಿದ್ದಿರಾ ಎಂಬುದು ಮೊದಲನೆಯದು. ಜ್ವರ ಶುರುವಾಗಿ ಇಂದಿಗೆ ಎಷ್ಟು ದಿನವಾಯಿತು ಎಂಬುದು ಎರಡನೆಯದು. ಕೇಳುವುದಕ್ಕೆ ಇವು ಮಾಮೂಲಿ ವಿಚಾರಣೆಯಂತೆ ಕಂಡರೂ, ಮಂಗನ ಕಾಯಿಲೆ ಎಂದು ನಾವು ಕರೆಯುವ ಕ್ಯಾಸನೂರು ಕಾಡಿನ ಕಾಯಿಲೆಯ ಮಟ್ಟಿಗೆ ಆ ಎರಡನೆಯ ಪ್ರಶ್ನೆಯ ಉತ್ತರವನ್ನು ಅವಲಂಬಿಸಿಯೇ ಯಾವ ಪರೀಕ್ಷೆ ಮಾಡಬೇಕು, ಅದರ ಫಲಿತಾಂಶವನ್ನು ಎಷ್ಟು ನಂಬಬೇಕು, ರೋಗಿಯನ್ನು ಯಾವಾಗ ಮನೆಗೆ ಕಳುಹಿಸಬಹುದು ಎಂಬುದೆಲ್ಲ ತೀರ್ಮಾನವಾಗುತ್ತದೆ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿ, ಹೊಸ ಲಸಿಕೆಗಾಗಿ ಕಾಯುತ್ತಿರುವ ಈ ಅವಧಿಯಲ್ಲಿ ಕಾಯಿಲೆಯ ಒಳಗುಟ್ಟು ಎಲ್ಲಿಯವರೆಗೆ ತಿಳಿದಿದೆ ಎಂಬುದನ್ನು ಬುಡದಿಂದ ನೋಡುವುದು ಉಪಯುಕ್ತ.

ಹೆಸರು ಮಂಗನದು, ಮೂಲ ಬೇರೆಯದು

ಮೊದಲಿಗೆ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕೆನ್ನೆಯ ಕೆಳಗೆ ಗ್ರಂಥಿ ಊದಿಕೊಳ್ಳುವ ‘ಮಂಗನ ಬಾವು’ ಸಂಪೂರ್ಣ ಬೇರೆ ಕಾಯಿಲೆ. ಈಚೆಗೆ ಸುದ್ದಿಯಾದ ‘ಮಂಗನ ಸಿಡುಬು’ ಇನ್ನೂ ಬೇರೆ. ಇವು ಮೂರಕ್ಕೂ ಹೆಸರಿನ ಹೊರತು ಯಾವ ನಂಟೂ ಇಲ್ಲ.

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸಾಯುತ್ತಿದ್ದವು, ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನರಲ್ಲಿ ತೀವ್ರವಾದ ಜ್ವರ ಕಾಣಿಸಿಕೊಂಡಿತ್ತು. ಪುಣೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಯೋಗದಿಂದ 1952ರಲ್ಲಿ ಆರಂಭವಾಗಿದ್ದ, ಇಂದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎನಿಸಿರುವ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಬಂದರು. ಮಂಗಗಳು ಸಾಯುವ ಹಳದಿ ಜ್ವರ ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಿಂದ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಆಗ ಇತ್ತು. ಆದರೆ ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಸಿಕ್ಕ ವೈರಸ್ಸು ಹಳದಿ ಜ್ವರದ್ದಾಗಿರದೆ, ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ಉಣುಗಿನ ವೈರಸ್ಸಿಗೆ ಹತ್ತಿರದ ಸಂಬಂಧಿಯಾಗಿತ್ತು. ಹಾಗಿದ್ದರೆ ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೇ ಎಂಬ ಊಹೆ ಹುಟ್ಟಿತು. ಅದನ್ನು ಪರಿಶೀಲಿಸುವ ಸಲುವಾಗಿಯೇ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಹಾದಿ ಹಿಡಿಯುವ ದೊಡ್ಡ ಅಧ್ಯಯನ ನಮ್ಮ ದೇಶದಲ್ಲಿ ಶುರುವಾಯಿತು. ಊಹೆ ನಿಲ್ಲಲಿಲ್ಲ, ಆದರೆ ಭಾರತದ ಪಕ್ಷಿವಿಜ್ಞಾನಕ್ಕೆ ಅದರಿಂದ ಸಿಕ್ಕ ಲಾಭ ಉಳಿಯಿತು. ಈ ವೈರಸ್ಸು ಹೊರಗಿನಿಂದ ಬಂದ ಹೊಸಬನಲ್ಲ, ಪಶ್ಚಿಮ ಘಟ್ಟದ ಕಾಡಿನಲ್ಲಿ ಮೊದಲೇ ನೆಲೆಸಿದ್ದುದು ಮನುಷ್ಯನ ಕಣ್ಣಿಗೆ ಬಿದ್ದದ್ದು 1957ರಲ್ಲಿ ಎಂಬುದು ಈಗ ಹೆಚ್ಚಿನ ಸಂಶೋಧಕರು ಒಪ್ಪುವ ನಿಲುವು. 1995ರಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ಅಲ್‌ಖುರ್ಮಾ ವೈರಸ್ಸು ಇದರ ಅತಿ ಸಮೀಪದ ಬಂಧು.

ಉಣುಗಿನ ಮೂರು ಊಟ

ಈ ವೈರಸ್ಸನ್ನು ಹೊತ್ತು ತಿರುಗುವ ಮುಖ್ಯ ಜೀವಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು. ಸೊಳ್ಳೆ ದಿನಬಿಟ್ಟು ದಿನ ರಕ್ತ ಹೀರಿದರೆ, ಈ ಉಣುಗು ತನ್ನ ಇಡೀ ಆಯುಸ್ಸಿನಲ್ಲಿ ಮೂರೇ ಸಲ ಊಟ ಮಾಡುತ್ತದೆ. ಒಂದೊಂದು ಊಟಕ್ಕೂ ಒಂದೊಂದು ಪ್ರಾಣಿಯನ್ನು ಹತ್ತುತ್ತದೆ. ಮೊಟ್ಟೆಯಿಂದ ಹೊರಬಂದ ಆರು ಕಾಲಿನ ಮರಿ ಸಾಮಾನ್ಯವಾಗಿ ಮುಂಗಾರು ಕಳೆದ ಮೇಲೆ ಇಲಿ, ಹಕ್ಕಿ, ಮಂಗಗಳಂಥ ಜೀವಿಗಳ ಮೈಯೇರಿ ರಕ್ತ ಹೀರಿ ನೆಲಕ್ಕೆ ಬೀಳುತ್ತದೆ, ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾಗುತ್ತದೆ. ಈ ಎಳೆಯ ಹಂತವೇ ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು, ಅದು ಹೆಚ್ಚು ಚುರುಕಾಗಿರುವುದು ಚಳಿಗಾಲ ಮತ್ತು ಬೇಸಿಗೆಯಲ್ಲಿ. ಅದು ಮತ್ತೊಮ್ಮೆ ಪೊರೆ ಬಿಟ್ಟು ಬಲಿತ ಉಣುಗಾದ ಮೇಲೆ ಮಳೆಗಾಲದಲ್ಲಿ ದನ, ಕಡವೆಯಂಥ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕುದುರಿ ದರಗಿನ ಮರೆಯಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಕಾಯಿಲೆ ಬೇಸಿಗೆಯದಾಗಿರುವುದಕ್ಕೆ ಬಿಸಿಲು ಕಾರಣವಲ್ಲ, ಉಣುಗಿನ ವಯಸ್ಸು ಕಾರಣ.

ಇಲ್ಲಿ ಮಂಗದ ಪಾತ್ರ ಏನೆಂಬುದು ಅರ್ಥವಾಗಬೇಕು. ಸೋಂಕು ತಗುಲಿದ ಮರಿ ಉಣುಗು ಪೊರೆ ಕಳಚಿದರೂ ವೈರಸ್ಸು ಅದರ ಒಡಲಲ್ಲೇ ಉಳಿಯುತ್ತದೆ. ಅದು ಮುಸಿಯನನ್ನೋ ಕೆಂಪು ಮಂಗನನ್ನೋ ಕಚ್ಚಿದಾಗ, ಆ ಪ್ರಾಣಿಯ ರಕ್ತದಲ್ಲಿ ವೈರಸ್ಸು ವಿಪರೀತ ಸಂಖ್ಯೆಯಲ್ಲಿ ಬೆಳೆಯುತ್ತದೆ, ಮತ್ತು ಆ ದಿನಗಳಲ್ಲಿ ಅದರ ಮೈಮೇಲಿರುವ ಇತರ ನೂರಾರು ಉಣುಗುಗಳಿಗೂ ಹಂಚಿಹೋಗುತ್ತದೆ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅವೆಲ್ಲ ಇಳಿದು ಸುತ್ತಲಿನ ದರಗಿಗೆ ಹರಡುತ್ತವೆ. ಸತ್ತ ಮಂಗದ ಸುತ್ತ 50 ಮೀಟರ್ ಅಳತೆಯಲ್ಲಿ ಮೆಲಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುವುದು ಈ ಕಾರಣಕ್ಕೆ. ಹೀಗೆ ಮಂಗ ರೋಗವನ್ನು ಹಬ್ಬಿಸುವ ಒಂದು ಕೊಂಡಿ ಹೌದಾದರೂ, ಅದು ನಮ್ಮಂತೆಯೇ ಅದರಿಂದ ಸಾಯುವ ಜೀವಿ. ಮಂಗದ ಉಸಿರಿನಿಂದಾಗಲಿ ಸ್ಪರ್ಶದಿಂದಾಗಲಿ ಈ ಕಾಯಿಲೆ ಬರುವ ಸಾಮಾನ್ಯ ಹಾದಿ ಇಲ್ಲ. ಕಾಯಿಲೆಯ ಭಯದಿಂದ ಮಂಗಗಳನ್ನು ಓಡಿಸುವುದು ಅಥವಾ ಕೊಲ್ಲುವುದು ಅರ್ಥಹೀನವಷ್ಟೇ ಅಲ್ಲ, ಮುನ್ನೆಚ್ಚರಿಕೆ ಕೊಡುವ ಗಂಟೆಯನ್ನು ನಾವೇ ಕಿತ್ತೆಸೆದಂತೆ.

ದನಗಳದು ಇನ್ನೊಂದು ಬಗೆಯ ಪಾತ್ರ. ಅವುಗಳಿಗೆ ಈ ಕಾಯಿಲೆ ಬರುವುದಿಲ್ಲ, ಅವುಗಳ ರಕ್ತದಲ್ಲಿ ವೈರಸ್ಸು ಹೇಳಿಕೊಳ್ಳುವಷ್ಟು ಬೆಳೆಯುವುದೂ ಇಲ್ಲ. ಆದರೆ ಬಲಿತ ಉಣುಗಿಗೆ ಯಥೇಚ್ಛ ಊಟ ಒದಗಿಸಿ ಅದರ ಸಂತತಿಯನ್ನು ಹೆಚ್ಚಿಸುತ್ತವೆ. ಮನುಷ್ಯ ಮಾತ್ರ ಈ ಸರಪಳಿಯ ಕೊನೆಯ ತುದಿ. ಒಬ್ಬರಿಂದ ಇನ್ನೊಬ್ಬರಿಗೆ ಕಾಯಿಲೆ ಹರಡಿದ ದಾಖಲೆಯಿಲ್ಲವಾದ್ದರಿಂದ ರೋಗಿಯನ್ನು ಮನೆಯವರು ದೂರವಿಡಬೇಕಾದ ಅಗತ್ಯ ಇಲ್ಲ.

ಯಾವ ಕಾಡು, ಯಾವ ಊರು

ಹಲವು ವರ್ಷ ಸಾಗರ–ಸೊರಬದ ಸುತ್ತಮುತ್ತಲೇ ಇದ್ದ ಕಾಯಿಲೆ 1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಣಿಸಿಕೊಂಡು 1,500ಕ್ಕೂ ಹೆಚ್ಚು ಜನರನ್ನು ಹಿಡಿಯಿತು. 2012ರ ನಂತರ ಅದು ಬಂಡೀಪುರ, ನೀಲಗಿರಿ, ವಯನಾಡುಗಳಲ್ಲಿ ಪತ್ತೆಯಾಯಿತು. 2015ರಲ್ಲಿ ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಆ ಸಾಲಿಗೆ ಸೇರಿದವು. 2018–19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ತೀವ್ರವಾಗಿ ನಲುಗಿತು.

ಇದು ದಟ್ಟ ಕಾಡಿನ ನಡುವಿನ ಕಾಯಿಲೆ ಎಂಬ ಭಾವನೆ ಸಾಮಾನ್ಯ. ಆದರೆ ಕಾಡು ಕಡಿದು ಹೊಲ, ತೋಟ ಮಾಡುವುದಕ್ಕೂ ಕಾಯಿಲೆಗೂ ನಂಟಿದೆ ಎಂಬುದನ್ನು ಜಾರ್ಜ್ ಬೊಶೆಲ್ ಎಂಬ ವಿಜ್ಞಾನಿ 1960ರ ದಶಕದಲ್ಲೇ ಗುರುತಿಸಿದ್ದರು. 2020ರಲ್ಲಿ ಬೆತನ್ ಪರ್ಸ್ ಮತ್ತು ಭಾರತದ ಹಲವು ಸಂಸ್ಥೆಗಳ ಸಂಶೋಧಕರು ಸೇರಿ ಪ್ರಕಟಿಸಿದ ನಕ್ಷೆಯಾಧಾರಿತ ಅಧ್ಯಯನ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು: ನಿತ್ಯಹರಿದ್ವರ್ಣದ ಕಾಡು ಮತ್ತು ನೆಟ್ಟ ತೋಪುಗಳು ಒಂದರೊಳಗೊಂದು ಬೆರೆತಿರುವ, ಈಚೆಗೆ ಕಾಡು ಕಳೆದುಕೊಂಡ, ನಾಟಿ ದನಗಳು ಹೆಚ್ಚಿರುವ ಪ್ರದೇಶಗಳಲ್ಲಿ ಮನುಷ್ಯರಿಗೆ ಅಪಾಯ ಹೆಚ್ಚು. ಸೊಪ್ಪಿಗೆ, ಸೌದೆಗೆ, ದರಗು ಗುಡಿಸುವುದಕ್ಕೆ, ದನ ಹೊಡೆದುಕೊಂಡು ಹೋಗುವುದಕ್ಕೆ ಜನ ದಿನವೂ ದಾಟುವ ಕಾಡಂಚು ಅದು. ಕೊಟ್ಟಿಗೆಗೆ ಹಾಸಲು ತರುವ ದರಗಿನ ಹೊರೆಯಲ್ಲಿ ಎಳೆ ಉಣುಗು ಮನೆಯಂಗಳಕ್ಕೂ ಬರಬಲ್ಲದು. ಹಾಗಾಗಿ ಕಾಡಿಗೆ ಹೋಗಿದ್ದಿರಾ ಎಂಬ ಪ್ರಶ್ನೆಗೆ ‘ಇಲ್ಲ’ ಎನ್ನುವವರಲ್ಲೂ ಕಾಯಿಲೆ ಕಂಡರೆ ಅದು ಅಚ್ಚರಿಯಲ್ಲ. ಪ್ರಶ್ನೆಯನ್ನೇ ಸ್ವಲ್ಪ ಹಿಗ್ಗಿಸಿ ಕೇಳಬೇಕಾಗುತ್ತದೆ.

ಮೈಯೊಳಗೆ ವೈರಸ್ಸು ಮಾಡುವುದೇನು

ಡೆಂಗಿ, ಜಪಾನಿ ಮಿದುಳು ಜ್ವರ, ಹಳದಿ ಜ್ವರಗಳ ವೈರಸ್ಸುಗಳಂತೆ ಇದೂ ಫ್ಲೇವಿವೈರಸ್ ಎಂಬ ಕುಲಕ್ಕೆ ಸೇರಿದ್ದು. ವೈರಸ್ಸು ಎಂಬುದು ತಾನಾಗಿ ಬದುಕಲಾರದ, ನಮ್ಮ ಜೀವಕೋಶದೊಳಗೆ ಹೊಕ್ಕು ಅದರ ಯಂತ್ರವನ್ನೇ ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವ ಬರೆಹದ ತುಣುಕು ಎನ್ನಬಹುದು. ಈ ವೈರಸ್ಸಿನ ಬರೆಹ ಆರ್‌ಎನ್‌ಎ ಎಂಬ ರಾಸಾಯನಿಕ ಎಳೆಯಲ್ಲಿದೆ, ಅದರ ಉದ್ದ ಸುಮಾರು 11,000 ಅಕ್ಷರಗಳಷ್ಟು. ಕೋಶ ಆ ಬರೆಹವನ್ನು ಓದಿ ಒಂದೇ ಉದ್ದನೆಯ ಪ್ರೋಟೀನ್ ಸರವನ್ನು ಹೆಣೆಯುತ್ತದೆ. ಹೂವಾಡಗಿತ್ತಿ ಉದ್ದನೆಯ ದಂಡೆಯನ್ನು ಬೇಕಾದಷ್ಟು ಮೊಳಕ್ಕೆ ಕತ್ತರಿಸಿ ಕೊಡುವಂತೆ, ಆ ಸರ ಹತ್ತು ಪ್ರೋಟೀನುಗಳಾಗಿ ತುಂಡಾಗುತ್ತದೆ. ಮೂರು ಹೊಸ ವೈರಸ್ಸಿನ ಮೈ ಕಟ್ಟಲು, ಉಳಿದ ಏಳು ಒಳಗಿನ ಕೆಲಸಕ್ಕೆ. ತುಂಡರಿಸುವ ಕೆಲಸದಲ್ಲಿ ವೈರಸ್ಸಿನದೇ ಒಂದು ‘ಕತ್ತರಿ’ ಪ್ರೋಟೀನು ಮುಖ್ಯ ಪಾಲು ವಹಿಸುತ್ತದೆ. ಆ ಕತ್ತರಿ ಕೆಟ್ಟರೆ ವೈರಸ್ಸಿನ ಉತ್ಪಾದನೆಯೇ ನಿಲ್ಲುತ್ತದೆ.

ನಮ್ಮ ದೇಹ ಸುಮ್ಮನಿರುವುದಿಲ್ಲ. ಸೋಂಕು ತಗುಲಿದ ಕೋಶ ಇಂಟರ್‌ಫೆರಾನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು ನೆರೆಯ ಕೋಶಗಳಿಗೆ ಡಂಗುರ ಸಾರುತ್ತದೆ. ಅದನ್ನು ಕೇಳಿದ ಕೋಶಗಳು ಬಾಗಿಲು ಭದ್ರಪಡಿಸಿಕೊಳ್ಳುತ್ತವೆ. ಈ ವೈರಸ್ಸಿನ ಎನ್‌ಎಸ್-5 ಎಂಬ ಪ್ರೋಟೀನು, ತನ್ನ ಬರೆಹದ ಪ್ರತಿ ತೆಗೆಯುವ ಕೆಲಸದ ಜೊತೆಗೆ, ಆ ಡಂಗುರ ಕೇಳಿಸಿದರೂ ಕೋಶ ಅದಕ್ಕೆ ಓಗೊಡದಂತೆ ಕಿವಿ ಮುಚ್ಚುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಮೊದಲ ಕೆಲವು ದಿನ ವೈರಸ್ಸು ಅಡೆತಡೆಯಿಲ್ಲದೆ ರಕ್ತದಲ್ಲಿ ಏರುವುದಕ್ಕೆ ಇದು ಒಂದು ಕಾರಣ.

ಕತ್ತರಿಯ ವಿಷಯದಲ್ಲಿ ಈಚಿನ ವರ್ಷಗಳ ಒಂದು ಶೋಧ ಕುತೂಹಲಕರ. ಕೋತಿಗಳನ್ನು ಎಚ್‌ಐವಿ ಸೋಂಕಿನಿಂದ ಕಾಪಾಡುವ ಟ್ರಿಮ್-5 ಆಲ್ಫಾ ಎಂಬ ಪ್ರೋಟೀನು ಬಹುಕಾಲದಿಂದ ಪರಿಚಿತ. ಅದೇ ಪ್ರೋಟೀನು ಉಣುಗಿನಿಂದ ಹರಡುವ ಕೆಲವು ಫ್ಲೇವಿವೈರಸ್ಸುಗಳ, ಅವುಗಳಲ್ಲಿ ಕ್ಯಾಸನೂರು ವೈರಸ್ಸಿನ, ಕತ್ತರಿಯನ್ನು ಹಿಡಿದು ಕೋಶದ ಕಸದ ತೊಟ್ಟಿಗೆ ಎಸೆಯುತ್ತದೆ ಎಂದು 2019ರಲ್ಲಿ ಅಮೆರಿಕದ ರಾಕಿ ಮೌಂಟನ್ ಪ್ರಯೋಗಾಲಯದ ತಂಡ ತೋರಿಸಿತು. ಇದರಿಂದ ಒಂದು ವ್ಯಾವಹಾರಿಕ ಅನುಕೂಲವೂ ಆಯಿತು. ಕಾಯಿಲೆಯ ಸ್ವರೂಪವನ್ನು ತಿಳಿಯಲು ಮನುಷ್ಯನಲ್ಲಿ ಆಗುವಂತೆಯೇ ಕಾಯಿಲೆ ಬೀಳುವ ಪ್ರಾಣಿಯೊಂದು ಬೇಕು. ಇಲಿಗಳಲ್ಲಿ ಕಾಯಿಲೆ ಬಹುತೇಕ ಮಿದುಳಿಗೆ ಹೋಗಿ ನಿಲ್ಲುತ್ತಿತ್ತು. ಈ ಕಾವಲು ಪ್ರೋಟೀನಿನ ಕಾರ್ಯಕಾರಿ ರೂಪ ಇಲ್ಲದ, ಹಂದಿಬಾಲದ ಕೋತಿ ಎಂಬ ಆಗ್ನೇಯ ಏಷ್ಯಾದ ಜಾತಿಯನ್ನು ಆರಿಸಿಕೊಂಡು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈರಸ್ಸು ರಕ್ತದಲ್ಲಿ 2ರಿಂದ 4ನೇ ದಿನಕ್ಕೆ ತುತ್ತತುದಿ ಮುಟ್ಟಿತು. ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿದವು, ಯಕೃತ್ತಿನ ಕಿಣ್ವಗಳು ಏರಿದವು, ರಕ್ತಸ್ರಾವದ ಚಿಹ್ನೆಗಳು ಕಂಡವು. ಜಠರ ಮತ್ತು ಕರುಳಿನಲ್ಲಿ ವೈರಸ್ಸು ಸಾಮಾನ್ಯವಾಗಿ ಸಿಕ್ಕಿತು. ಮಂಗನ ಕಾಯಿಲೆಯ ರೋಗಿಗಳಲ್ಲಿ ವಾಂತಿ, ಭೇದಿ ಅಷ್ಟೊಂದು ಕಾಣುವುದೇಕೆ ಎಂಬುದಕ್ಕೆ ಇದು ಹೊಂದಿಕೆಯಾಗುವ ವಿವರಣೆ.

ಎರಡು ಕಂತಿನ ಜ್ವರ

ಉಣುಗು ಕಚ್ಚಿದ 3ರಿಂದ 8 ದಿನಗಳ ನಂತರ ಒಮ್ಮೆಲೇ ಚಳಿ ಜ್ವರ, ಹಣೆಯ ಭಾಗದಲ್ಲಿ ಸಹಿಸಲಾಗದ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಸೆಳೆತ, ಕಣ್ಣು ಕೆಂಪಾಗುವುದು, ವಾಂತಿ, ಭೇದಿ ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಉಣುಗು ಕಚ್ಚಿದ್ದು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. ಎಳೆ ಉಣುಗು ಎಳ್ಳಿಗಿಂತ ಚಿಕ್ಕದು. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ, ಸುಸ್ತು ಮಾತ್ರ ಇನ್ನೂ ಕೆಲವು ವಾರ ಉಳಿಯುತ್ತದೆ.

ಆದರೆ ನೂರರಲ್ಲಿ ಹತ್ತಿಪ್ಪತ್ತು ಜನರಲ್ಲಿ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಜ್ವರ ಇಳಿದು ಒಂದೆರಡು ವಾರ ಆರಾಮಾಗಿದ್ದು, ಕಾಯಿಲೆಯ ಮೂರನೇ ವಾರದ ಹೊತ್ತಿಗೆ ಜ್ವರ ಮರಳುತ್ತದೆ. ಈ ಎರಡನೇ ಕಂತಿನಲ್ಲಿ ತಲೆನೋವಿನ ಜೊತೆ ಕುತ್ತಿಗೆ ಬಿಗಿಯುವುದು, ಕೈ ನಡುಕ, ದೃಷ್ಟಿ ಮಂಜಾಗುವುದು, ಮಾತು ತಡವರಿಸುವುದು, ಗೊಂದಲ ಮೊದಲಾದ ಮಿದುಳಿಗೆ ಸಂಬಂಧಿಸಿದ ಲಕ್ಷಣಗಳಿರುತ್ತವೆ. ಒಟ್ಟಾರೆ ರೋಗಿಗಳಲ್ಲಿ ಸಾಯುವವರ ಪ್ರಮಾಣ ಶೇ. 3ರಿಂದ 5 ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ‘ಜ್ವರ ಬಿಟ್ಟಿತಲ್ಲ’ ಎಂದು ಅಡಿಕೆ ಸುಲಿಯಲೋ ಕೂಲಿಗೋ ಹೊರಟವರನ್ನು ವೈದ್ಯರು ತಡೆದು, ಇನ್ನೂ ಎರಡು ವಾರ ಎಚ್ಚರ ಎಂದು ಹೇಳುವುದರ ಹಿಂದಿನ ಲೆಕ್ಕ ಇದೇ.

ಹುಲಿಯನ್ನು ಹುಡುಕುವುದೋ, ಹೆಜ್ಜೆಯನ್ನೋ

ಮೊದಲ ವಾರದಲ್ಲಿ ಈ ಕಾಯಿಲೆಯನ್ನು ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್‌ಗಳಿಂದ ಬರಿಗಣ್ಣಿನ ಪರೀಕ್ಷೆಯಲ್ಲಿ ಬೇರ್ಪಡಿಸುವುದು ಕಷ್ಟ. ಪ್ಲೇಟ್‌ಲೆಟ್ ಎಲ್ಲದರಲ್ಲೂ ಇಳಿಯಬಹುದು. ಆದರೂ ಬೇರ್ಪಡಿಸಲೇಬೇಕು, ಏಕೆಂದರೆ ಇಲಿಜ್ವರ ಮತ್ತು ಸ್ಕ್ರಬ್ ಟೈಫಸ್ ಬ್ಯಾಕ್ಟೀರಿಯಾದಿಂದ ಬರುವವು, ಅವಕ್ಕೆ ಸುಲಭ ಬೆಲೆಯ ಪರಿಣಾಮಕಾರಿ ಔಷಧಗಳಿವೆ.

ಪತ್ತೆಗೆ ಎರಡು ದಾರಿ. ಕಾಡಿನಲ್ಲಿ ಹುಲಿಯಿದೆಯೇ ಎಂದು ತಿಳಿಯಲು ಹುಲಿಯನ್ನೇ ನೋಡಬಹುದು, ಇಲ್ಲವೇ ನೀರಿನ ಹೊಂಡದ ಬದಿಯ ಹೆಜ್ಜೆ ಗುರುತು ನೋಡಬಹುದು. ಮೊದಲನೆಯದಕ್ಕೆ ಸಮಾನವಾದದ್ದು ಪಿಸಿಆರ್ ಪರೀಕ್ಷೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಈ ಪರೀಕ್ಷೆ ಇಲ್ಲಿ ಗಂಟಲ ದ್ರವದ ಬದಲು ರಕ್ತದಲ್ಲಿ ವೈರಸ್ಸಿನ ಬರೆಹವನ್ನು ಹುಡುಕುತ್ತದೆ. ಸಿಕ್ಕ ತುಣುಕನ್ನು ಅದು ಮತ್ತೆ ಮತ್ತೆ ಇಮ್ಮಡಿಗೊಳಿಸುತ್ತದೆ: ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತು ಮುಗಿಯುವಷ್ಟರಲ್ಲಿ ಸಂಖ್ಯೆ 100 ಕೋಟಿ ದಾಟುತ್ತದೆ. ಹಾಗಾಗಿಯೇ ಅತಿ ಅಲ್ಪ ಪ್ರಮಾಣದ ವೈರಸ್ಸೂ ಕಣ್ತಪ್ಪುವುದಿಲ್ಲ. ಆದರೆ ಹುಲಿ ಅಲ್ಲಿ ಇದ್ದರೆ ತಾನೇ ಕಾಣುವುದು? ರಕ್ತದಲ್ಲಿ ವೈರಸ್ಸು ಜ್ವರದ 3ರಿಂದ 6ನೇ ದಿನಗಳಲ್ಲಿ ಅತಿ ಹೆಚ್ಚಿದ್ದು, ಆಮೇಲೆ ಇಳಿಯುತ್ತ ಹೋಗಿ, 12–13ನೇ ದಿನದ ಹೊತ್ತಿಗೆ ಇಲ್ಲವಾಗುತ್ತದೆ.

ಹೆಜ್ಜೆ ಗುರುತು ಎಂದರೆ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಗುರುತಿಸಿ ಹಿಡಿಯಲು ದೇಹವೇ ತಯಾರಿಸುವ ಪ್ರೋಟೀನುಗಳು. ಅವುಗಳಲ್ಲಿ ಮೊದಲು ಬರುವ ಐಜಿಎಂ ಎಂಬ ಬಗೆಯನ್ನು ಎಲೈಸಾ ಪರೀಕ್ಷೆ ಪತ್ತೆ ಮಾಡುತ್ತದೆ. ಅದು ಕಾಣಿಸಿಕೊಳ್ಳುವುದು ಜ್ವರದ ನಾಲ್ಕೈದನೇ ದಿನದ ಮೇಲೆ, ಉಳಿಯುವುದು ತಿಂಗಳುಗಟ್ಟಲೆ. ಆದ್ದರಿಂದ ಎರಡನೇ ದಿನ ಎಲೈಸಾ ಮಾಡಿ ‘ಇಲ್ಲ’ ಎಂದರೆ ಆ ಮಾತಿಗೆ ಬೆಲೆ ಕಡಿಮೆ. ಎರಡನೇ ಕಂತಿನ ಜ್ವರದಲ್ಲಿ ಪಿಸಿಆರ್ ಮಾಡಿ ‘ಇಲ್ಲ’ ಎಂದರೂ ಅಷ್ಟೇ. ಎಷ್ಟು ದಿನವಾಯಿತು ಎಂಬ ಪ್ರಶ್ನೆಗೆ ರೋಗಿ ‘ಒಂದು ವಾರದಿಂದ’ ಎಂದು ಸುಮಾರಾಗಿ ಹೇಳಿಬಿಟ್ಟರೆ ಎಂಥ ಒಳ್ಳೆಯ ಪ್ರಯೋಗಾಲಯವೂ ಎಡವಬಹುದು.

ಇಲ್ಲಿ ದೂರವೂ ಒಂದು ತೊಡಕು. ದೀರ್ಘ ಕಾಲ, ಶರಾವತಿ ಹಿನ್ನೀರಿನಾಚೆಯ ಹಳ್ಳಿಯೊಂದರ ರಕ್ತದ ಮಾದರಿ ಶಿವಮೊಗ್ಗಕ್ಕೋ ಪುಣೆಗೋ ಹೋಗಿ ಫಲಿತಾಂಶ ಬರಬೇಕಿತ್ತು. ಹಿಂದಿನ ದಶಕಗಳಲ್ಲಂತೂ ಎಳೆಯ ಇಲಿಗಳಿಗೆ ಮಾದರಿಯನ್ನು ಚುಚ್ಚಿ, ಅವು ಕಾಯಿಲೆ ಬೀಳುವುದನ್ನು ಕಾಯುವುದೇ ಪರೀಕ್ಷೆಯಾಗಿತ್ತು. ಕ್ಷಯ ಮತ್ತು ಕೋವಿಡ್ ಪತ್ತೆಗೆ ಬಳಕೆಯಾದ, ಗೋವಾದ ಮಾಲ್‌ಬಯೊ ಕಂಪನಿಯ ಟ್ರೂನ್ಯಾಟ್ ಎಂಬ ಬ್ಯಾಟರಿಯಿಂದ ನಡೆಯುವ ಚಿಕ್ಕ ಯಂತ್ರಕ್ಕೆ ಈ ಕಾಯಿಲೆಯನ್ನು ಪತ್ತೆ ಮಾಡುವ ಪರೀಕ್ಷಾ ಚಿಪ್ ರೂಪಿಸಿ ಪುಣೆಯ ಸಂಸ್ಥೆ ಈಚೆಗೆ ಒರೆಗೆ ಹಚ್ಚಿದೆ. ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೇ ಪಿಸಿಆರ್ ಮಾಡಲು ಇದರಿಂದ ಸಾಧ್ಯವಾಗುತ್ತದೆ. ಈ ವೈರಸ್ಸನ್ನು ಬೆಳೆಸುವುದಕ್ಕೆ ಅತಿ ಭದ್ರತೆಯ ಪ್ರಯೋಗಾಲಯ ಬೇಕು, ಸಿಬ್ಬಂದಿಗೇ ಸೋಂಕು ತಗುಲಿದ ಉದಾಹರಣೆಗಳಿವೆ. ಮಾದರಿಯಲ್ಲಿನ ವೈರಸ್ಸನ್ನು ಮೊದಲೇ ನಿಷ್ಕ್ರಿಯಗೊಳಿಸಿ ಪರೀಕ್ಷಿಸುವ ಇಂಥ ವಿಧಾನಗಳ ಇನ್ನೊಂದು ಉಪಯೋಗ ಇದು.

ಮದ್ದಿಲ್ಲ, ಆದರೆ ಚಿಕಿತ್ಸೆ ಇದೆ

ವೈರಸ್ಸನ್ನೇ ಕೊಲ್ಲುವ, ಮನುಷ್ಯರಲ್ಲಿ ಸಾಬೀತಾದ ಔಷಧ ಈ ಕಾಯಿಲೆಗೆ ಇಲ್ಲ. ಎನ್‌ಎಸ್-5 ಮಾಡುವ ಪ್ರತಿ ತೆಗೆಯುವ ಕೆಲಸಕ್ಕೆ ಅಡ್ಡಿಪಡಿಸುವ ಕೆಲವು ರಾಸಾಯನಿಕಗಳು ಪ್ರಯೋಗಾಲಯದ ಕೋಶಗಳಲ್ಲಿ ವೈರಸ್ಸನ್ನು ತಡೆದಿವೆಯಾದರೂ, ಅಲ್ಲಿಂದ ರೋಗಿಯ ಹಾಸಿಗೆಯವರೆಗಿನ ಹಾದಿ ದೂರದ್ದು. ಸದ್ಯದ ಚಿಕಿತ್ಸೆಯೆಂದರೆ ದೇಹ ತಾನೇ ವೈರಸ್ಸನ್ನು ಹೊರದೂಡುವವರೆಗೆ ಅದನ್ನು ಆಧರಿಸಿ ನಿಲ್ಲಿಸುವುದು: ನಿರ್ಜಲತೆಯಾಗದಂತೆ ದ್ರವ ಕೊಡುವುದು, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವುದು, ರಕ್ತಸ್ರಾವವಾದರೆ ರಕ್ತ ಅಥವಾ ಪ್ಲೇಟ್‌ಲೆಟ್ ಕೊಡುವುದು, ಮಿದುಳಿನ ಲಕ್ಷಣಗಳು ಕಂಡರೆ ತೀವ್ರ ನಿಗಾದಲ್ಲಿಡುವುದು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವುನಿವಾರಕಗಳು ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ಅಂಗಡಿಯಿಂದ ತಾವಾಗಿ ತಂದು ನುಂಗುವುದು ಅಪಾಯಕರ. ಮೊದಲೇ ಆಸ್ಪತ್ರೆ ಸೇರಿದವರಿಗೂ ತಡವಾಗಿ ಬಂದವರಿಗೂ ಇರುವ ವ್ಯತ್ಯಾಸ ಇಷ್ಟರಲ್ಲೇ ಅಡಗಿದೆ.

ತಡೆಗೆ ಈಗ ಕೈಯಲ್ಲಿರುವುದು ಉಣುಗು ಕಚ್ಚದಂತೆ ನೋಡಿಕೊಳ್ಳುವುದು. ರಕ್ಷಣಾ ಸಂಶೋಧನಾ ಸಂಸ್ಥೆಯ ಗ್ವಾಲಿಯರ್ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಡೀಪಾ ಎಂಬ ವಿಕರ್ಷಕ ಎಣ್ಣೆಯನ್ನು ಆರೋಗ್ಯ ಇಲಾಖೆ ಕಾಡಂಚಿನ ಹಳ್ಳಿಗಳಲ್ಲಿ ಹಂಚುತ್ತದೆ. ಕಾಡಿಗೆ ಹೊರಡುವ ಮುನ್ನ ಅದನ್ನು ಕೈಕಾಲಿಗೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ತೊಟ್ಟು, ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು ರೂಢಿಯಲ್ಲಿರುವ ಸಲಹೆ.

ಹಳೆಯ ಲಸಿಕೆ ನಿಂತದ್ದೇಕೆ

ಮೊದಲಿಗೆ ರಷ್ಯಾದ ಬಂಧು ವೈರಸ್ಸಿನ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಲಾಯಿತು, ಅದು ಫಲ ಕೊಡಲಿಲ್ಲ. ಆಮೇಲೆ ಕ್ಯಾಸನೂರು ವೈರಸ್ಸನ್ನೇ ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. ಹಲ್ಲು ಕಿತ್ತ ಹಾವನ್ನು ತೋರಿಸಿ ಮಕ್ಕಳಿಗೆ ಹಾವಿನ ಗುರುತು ಕಲಿಸುವಂತೆ, ರೋಗ ತರಲಾರದ ವೈರಸ್ಸನ್ನು ತೋರಿಸಿ ದೇಹಕ್ಕೆ ಪಾಠ ಹೇಳುವ ವಿಧಾನ ಇದು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಈ ಲಸಿಕೆಯನ್ನು, ವೈರಸ್ಸು ಪತ್ತೆಯಾದ ಸ್ಥಳದ 5 ಕಿಲೋಮೀಟರ್ ಸುತ್ತಳತೆಯ ಹಳ್ಳಿಗಳಲ್ಲಿ ತಿಂಗಳ ಅಂತರದಲ್ಲಿ ಎರಡು ಸಲ, ಆರೆಂಟು ತಿಂಗಳ ಮೇಲೆ ಒಮ್ಮೆ, ಆಮೇಲೆ ವರ್ಷವರ್ಷವೂ ಕೊಡಬೇಕಿತ್ತು.

1990–92ರ ಕ್ಷೇತ್ರ ಪ್ರಯೋಗದಲ್ಲಿ ಎರಡು ಡೋಸಿನ ಪರಿಣಾಮ ಶೇ. 93.5 ಎಂದು ಲೆಕ್ಕ ಸಿಕ್ಕಿತ್ತು. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಅದೇ ಎರಡು ಡೋಸಿಗೆ ಶೇ. 62.4, ಮೇಲಿನ ಬೂಸ್ಟರ್ ಪಡೆದವರಲ್ಲಿ ಶೇ. 82.9 ಎಂದು ಬಂತು; ಒಂದೇ ಡೋಸು ಪಡೆದವರಿಗೆ ರಕ್ಷಣೆ ಸಿಕ್ಕಂತೆ ಕಾಣಲಿಲ್ಲ. ಶೇ. 62.4 ಎಂದರೆ, ಲಸಿಕೆಯಿಲ್ಲದ ಒಂದು ಗುಂಪಿನಲ್ಲಿ 100 ಜನ ಕಾಯಿಲೆ ಬೀಳುವ ಕಡೆ, ಅಷ್ಟೇ ದೊಡ್ಡ ಲಸಿಕೆ ಪಡೆದ ಗುಂಪಿನಲ್ಲಿ ಸುಮಾರು 38 ಜನ ಬೀಳುತ್ತಾರೆ ಎಂದರ್ಥ. ಇದು ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಚುಚ್ಚಿದ ಜಾಗ ತುಂಬ ನೋಯುತ್ತಿತ್ತು, ಕೂಲಿ ತಪ್ಪುತ್ತಿತ್ತು, ಮತ್ತೆ ಮತ್ತೆ ಬರಬೇಕಿತ್ತು. ಹಾಗಾಗಿ ಪೂರ್ತಿ ಡೋಸು ಪಡೆದವರು ಕಡಿಮೆ. ಲಸಿಕೆ ಹಾಕಿಸಿಕೊಂಡವರೇ ಆಸ್ಪತ್ರೆ ಸೇರಿದ್ದನ್ನು ಕಂಡ ನೆರೆಯವರು ಮುಂದಿನ ಸಲ ಬರಲಿಲ್ಲ. ಲಸಿಕೆಯ ಸಾಮರ್ಥ್ಯದ ಬಗ್ಗೆಯೇ ಪ್ರಶ್ನೆಗಳೆದ್ದು, 2022ರಲ್ಲಿ ಅದನ್ನು ಕೈಬಿಡಲಾಯಿತು.

ಹೊಸ ಲಸಿಕೆಗಳ ಬಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆಗೂಡಿ ರೂಪಿಸಿರುವ ಹೊಸ ಲಸಿಕೆಯೂ ನಿಷ್ಕ್ರಿಯಗೊಳಿಸಿದ ವೈರಸ್ಸಿನದೇ, ಎರಡು ಡೋಸಿನದು. ವ್ಯತ್ಯಾಸ ಇರುವುದು ತಯಾರಿಯ ಶುದ್ಧತೆಯಲ್ಲಿ ಮತ್ತು ಜೊತೆಗೆ ಸೇರಿಸುವ ಉತ್ತೇಜಕದಲ್ಲಿ. ಒಗ್ಗರಣೆಯ ಘಾಟು ಇಡೀ ಮನೆಯವರನ್ನು ಅಡುಗೆಮನೆಯ ಕಡೆ ತಿರುಗಿಸುವಂತೆ, ಈ ಉತ್ತೇಜಕ ದೇಹದ ರಕ್ಷಣಾ ಕೋಶಗಳ ಗಮನವನ್ನು ಚುಚ್ಚಿದ ಜಾಗಕ್ಕೆ ಸೆಳೆದು, ಅಲ್ಪ ಪ್ರಮಾಣದ ವೈರಸ್ಸಿಗೂ ಬಲವಾದ ನೆನಪು ಮೂಡುವಂತೆ ಮಾಡುತ್ತದೆ. ಪ್ರಾಣಿಗಳ ಮೇಲಿನ ಅಧ್ಯಯನಗಳನ್ನು ದಾಟಿ ಇದು ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬಂದಿದೆ.

ರಾಕಿ ಮೌಂಟನ್ ತಂಡದ್ದು ಇನ್ನೊಂದು ದಾರಿ. ಯಕ್ಷಗಾನದಲ್ಲಿ ಪಾತ್ರಧಾರಿ ಬೇರೆ, ವೇಷ ಬೇರೆ. ಹಾಗೆಯೇ ಮನುಷ್ಯರಿಗೆ ಅಷ್ಟಾಗಿ ಹಾನಿ ಮಾಡದ, ದನಗಳ ಬಾಯಿಹುಣ್ಣಿನ ವೈರಸ್ಸೊಂದನ್ನು ದುರ್ಬಲಗೊಳಿಸಿ ಅದಕ್ಕೆ ಕ್ಯಾಸನೂರು ವೈರಸ್ಸಿನ ಹೊರಮೈ ಪ್ರೋಟೀನಿನ ವೇಷ ತೊಡಿಸಲಾಗಿದೆ. ಎಬೊಲಾ ಲಸಿಕೆಯಲ್ಲಿ ಇದೇ ತಂತ್ರ ಬಳಕೆಯಾಗಿದೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದರ ಒಂದೇ ಡೋಸು ಹಂದಿಬಾಲದ ಕೋತಿಗಳನ್ನು ಕಾಯಿಲೆಯಿಂದ ಕಾಪಾಡಿತು. ಟ್ರಿಮ್-5 ಆಲ್ಫಾದ ಅಧ್ಯಯನ ಇಲ್ಲದಿದ್ದರೆ ಆ ಕೋತಿಯನ್ನು ಆರಿಸಿಕೊಳ್ಳುವ ಯೋಚನೆಯೇ ಬರುತ್ತಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಯಾವ ಲಸಿಕೆ ಬಂದರೂ ಅದರ ಮುಂದೆ ಒಂದು ವಿಚಿತ್ರ ಕಷ್ಟ ಕಾದಿದೆ. ಲಸಿಕೆ ಪರಿಣಾಮಕಾರಿಯೇ ಎಂದು ತಿಳಿಯಲು ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಬೇಕು. ಅದಕ್ಕೆ ಸಾಕಷ್ಟು ಜನ ಕಾಯಿಲೆ ಬೀಳಬೇಕು. ವರ್ಷಕ್ಕೆ ಕೆಲವು ನೂರು ರೋಗಿಗಳು, ಅದೂ ಈ ವರ್ಷ ಒಂದು ತಾಲ್ಲೂಕಿನಲ್ಲಿ, ಮುಂದಿನ ವರ್ಷ ಇನ್ನೊಂದರಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯಲ್ಲಿ ಪ್ರಯೋಗಕ್ಕೆ ಯಾವ ಹಳ್ಳಿಯನ್ನು ಆರಿಸುವುದು? ಕಾಡಂಚಿನ ಅಪಾಯದ ನಕ್ಷೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಲಸಿಕೆಯಿಂದ ರಕ್ತದಲ್ಲಿ ಮೂಡುವ, ವೈರಸ್ಸನ್ನು ತಟಸ್ಥಗೊಳಿಸುವ ಪ್ರತಿಕಾಯಗಳ ಮಟ್ಟವನ್ನು ಅಳೆದು, ಪ್ರಾಣಿಗಳಲ್ಲಿ ರಕ್ಷಣೆ ಕೊಟ್ಟ ಮಟ್ಟಕ್ಕೆ ಅದು ಏರಿದೆಯೇ ಎಂದು ಹೋಲಿಸುವುದು ಇನ್ನೊಂದು ಉಪಾಯ. ಆ ಮಟ್ಟ ಎಷ್ಟು ಹಂಗಾಮುಗಳವರೆಗೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಅವಸರದಿಂದ ಅಳೆಯಲಾಗದು; ಅದಕ್ಕೆ ಲಸಿಕೆ ಪಡೆದವರ ರಕ್ತವನ್ನು ಮುಂದಿನ ವರ್ಷಗಳಲ್ಲೂ, ಪ್ರತಿ ಸಲ ದರಗು ಉದುರುವ ಮುನ್ನ, ಮತ್ತೆ ಮತ್ತೆ ಪರೀಕ್ಷಿಸಬೇಕಾಗುತ್ತದೆ.